ಲವಣ ಸರೋವರದ ಸ್ನಾನಯಾತ್ರೆ: ವಿಶ್ರಾಂತಿಯೋ, ಚಿಕಿತ್ಸೆಯೋ?

ಸಿದ್ದಾಪುರದ ಬಂಡೆಯ ಮೇಲಿರುವ, 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನವು ತಂದೆತಾಯಿಗಳಿಗೆ ವಿಧೇಯರಾಗಿ ನಡೆಯಬೇಕೆಂದು ಸಾರುತ್ತದೆ. ಮೊಳಕಾಲ್ಮೂರಿನ ರೇಷ್ಮೆ ವ್ಯಾಪಾರಿಗಳಾಗಲಿ, ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಮಾಲೀಕರಾಗಲಿ, ವ್ಯವಹಾರ ಕೈಹಿಡಿದ ಮೇಲೆ ಹಿರಿಯರ ಸಂಧಿನೋವು, ಚರ್ಮರೋಗಗಳಿಗೆ ಉಪಶಮನ ಹುಡುಕುವುದು ಸಹಜವೇ ಆಗಿದೆ. ಇಂಥವರನ್ನು ಮೃತ ಸಮುದ್ರದ ಖನಿಜಸ್ನಾನದ ಆಕರ್ಷಕ ಕರಪತ್ರಗಳು ಸೆಳೆಯುತ್ತವೆ. ಆದರೆ ಮಾದರಿ ನೋಡದೆ ಸರಕಿಗೆ ಮುಂಗಡ ಕೊಡದ ವರ್ತಕನು ಚಿತ್ರ ನೋಡಿ ಪ್ರವಾಸಕ್ಕೆ ಹಣ ಕಟ್ಟುವುದು ವಿವೇಕವೆನಿಸದು.

ನಮ್ಮ ದೇಶದಲ್ಲಿಯೂ ಲವಣ ಸರೋವರಗಳಿವೆ. ಮಹಾರಾಷ್ಟ್ರದ ಲೋಣಾರ್ ಸರೋವರವು ಉಲ್ಕಾಪಾತದಿಂದ ಉಂಟಾದುದು. ನೀರು ತೀವ್ರ ಕ್ಷಾರಯುಕ್ತ, ಸ್ಥಳವು ಸಂರಕ್ಷಿತ. ರಾಜಸ್ಥಾನದ ಸಾಂಭರ್ ಉಪ್ಪಿನ ಉತ್ಪಾದನೆಗೂ ರಾಜಹಂಸಗಳಿಗೂ ಹೆಸರಾದುದು. ಇವೆರಡೂ ನೋಡತಕ್ಕ ಸ್ಥಳಗಳೇ ಹೊರತು ಸ್ನಾನಚಿಕಿತ್ಸೆಯ ಕೇಂದ್ರಗಳಲ್ಲ. ಆದ್ದರಿಂದ ಅಪೇಕ್ಷೆಯುಳ್ಳವರ ದೃಷ್ಟಿ ಜೋರ್ಡಾನ್ ಮತ್ತು ಇಸ್ರೇಲ್‌ಗಳ ನಡುವಿನ ಮೃತ ಸಮುದ್ರದತ್ತಲೇ ಹರಿಯುತ್ತದೆ.

ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಕೆಳಗಿರುವ ಈ ಸರೋವರದ ನೀರಿನಲ್ಲಿ ಲವಣಾಂಶ ಸುಮಾರು ಶೇ. 34, ಸಾಧಾರಣ ಸಮುದ್ರದಲ್ಲಿ ಅದು ಶೇ. 3.5 ಮಾತ್ರ. ಸೋರಿಯಾಸಿಸ್ ರೋಗಿಗಳಿಗೆ ಇಲ್ಲಿ ನೀರಿನೊಂದಿಗೆ ನಿಯಮಿತ ಬಿಸಿಲೂ ಚಿಕಿತ್ಸೆಯ ಅಂಗ. ಆದರೆ ಆ ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ವೈದ್ಯರ ಮೇಲ್ವಿಚಾರಣೆಯಲ್ಲಿ ನಡೆಯತಕ್ಕದ್ದು. ಐದು ದಿನ ಹೋಗಿಬರುವವರು ವಿಶ್ರಾಂತಿಯನ್ನು ಪಡೆದಾರು. ಚಿಕಿತ್ಸೆಯ ಫಲವನ್ನು ನಿರೀಕ್ಷಿಸಲಾಗದು. ಯಾವುದಕ್ಕಾಗಿ ಹೊರಟಿದ್ದೇವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದಿದ್ದರೆ ಹಣ ವ್ಯಯವಾಗಿ ನಿರಾಶೆಯಷ್ಟೇ ಉಳಿದೀತು.

ಕಾಲನಿರ್ಣಯವೂ ಮುಖ್ಯ. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ ಉಷ್ಣತೆ 40 ಡಿಗ್ರಿ ತಲುಪುತ್ತದೆ. ವಸಂತ ಮತ್ತು ಶರತ್ಕಾಲ ಹಿತಕರ. ಶೇಂಗಾ ಮಾಲು ಮಾರುಕಟ್ಟೆಗೆ ಬರುವ ಅಕ್ಟೋಬರ್, ನವೆಂಬರ್‌ನಲ್ಲಿ ಎಣ್ಣೆ ಮಿಲ್ಲಿನವರಿಗೆ ಬಿಡುವಿರದು. ವರ್ಷಾಂತ್ಯದ ಲೆಕ್ಕ ಮುಗಿದ ಏಪ್ರಿಲ್ ಅವರಿಗೆ ಅನುಕೂಲ. ಮದುವೆಯ ಹಂಗಾಮಿನಲ್ಲಿ ದುಡಿಯುವ ಸೀರೆ ವ್ಯಾಪಾರಿಗಳಿಗೆ ಪಿತೃಪಕ್ಷದ ಆಸುಪಾಸು ತೆರವಾದರೂ, ಹಿರಿಯರ ಕಾರ್ಯವನ್ನೂ ಸೆಪ್ಟೆಂಬರ್ 15ರ ಮುಂಗಡ ತೆರಿಗೆಯನ್ನೂ ಪ್ರತಿ ತಿಂಗಳ ಜಿ.ಎಸ್.ಟಿ. ವಿವರಣೆಯನ್ನೂ ಮರೆಯುವಂತಿಲ್ಲ.

ಹೋಟೆಲಿನ ಆಯ್ಕೆಯಲ್ಲೂ ಎಚ್ಚರ ಬೇಕು. ಜೋರ್ಡಾನ್ ನದಿಯ ನೀರು ಬೇರೆಡೆಗೆ ತಿರುಗಿದ ಕಾರಣ, ಖನಿಜ ಉದ್ಯಮದ ಬಳಕೆಯ ಕಾರಣ, ಸರೋವರ ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ಇಳಿಯುತ್ತಿದೆ. ದಡದಲ್ಲೇ ಕಟ್ಟಿದ್ದ ಐನ್ ಗೆದಿಯ ಸ್ನಾನಗೃಹದಿಂದ ನೀರು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಸರಿಯಿತು. ಆದಕಾರಣ ದಡ ಎಷ್ಟು ದೂರವೆಂದು ಲಿಖಿತವಾಗಿ ಕೇಳಿಯೇ ಮುಂಗಡ ಕಟ್ಟಬೇಕು. 2023ರ ಅಕ್ಟೋಬರ್‌ನಿಂದ ಆ ಪ್ರದೇಶ ಪ್ರಕ್ಷುಬ್ಧವಾಗಿರುವುದರಿಂದ ವಿದೇಶಾಂಗ ಸಚಿವಾಲಯದ ಸೂಚನೆ ನೋಡದೆ, ಹಣ ವಾಪಸಾತಿಯ ಷರತ್ತು ಓದದೆ ಟಿಕೆಟ್ ಮಾಡಿಸುವುದು ಸಲ್ಲದು.

ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿರುವ ಹಿರಿಯರು ತಮ್ಮ ವೈದ್ಯರನ್ನು ಕೇಳಿಯೇ ನೀರಿಗಿಳಿಯಬೇಕು. ಹತ್ತು ಹದಿನೈದು ನಿಮಿಷ ಮೀರದಂತೆ ಬೆನ್ನ ಮೇಲೆ ತೇಲಿ, ಸಿಹಿನೀರಿನಲ್ಲಿ ಮೈ ತೊಳೆದುಕೊಳ್ಳಬೇಕು. ನೀರು ಕಣ್ಣಿಗೆ, ಬಾಯಿಗೆ ಹೋಗಬಾರದು. ಗಾಯ ಉರಿಯುತ್ತದೆ, ಬೆಳ್ಳಿಯ ಆಭರಣ ಕಪ್ಪಾಗುತ್ತದೆ.

ಚಿಕಿತ್ಸೆಯೇ ಉದ್ದೇಶವಾದಲ್ಲಿ ಧರ್ಮಸ್ಥಳದ ಶಾಂತಿವನದಂತಹ ಪ್ರಕೃತಿ ಚಿಕಿತ್ಸಾಲಯದಲ್ಲಿ ಮೊದಲು ವಾರವೊಂದನ್ನು ಕಳೆದು ನೋಡುವುದು ಜಾಣತನ. ಅದು ಸಾಲದೆಂದು ವೈದ್ಯರು ಹೇಳಿದರೆ ದೂರದ ಸರೋವರವಿದ್ದೇ ಇದೆ. ಹಿರಿಯರ ಸೇವೆಗೆ ಹಣ ಹೂಡುವುದು ಶ್ಲಾಘನೀಯ. ಆ ಹೂಡಿಕೆಗೂ ಅಂಗಡಿಯ ಲೆಕ್ಕಪುಸ್ತಕದಷ್ಟೇ ಶಿಸ್ತು ಬೇಕು.