ವಚನಕ್ಕೆ ಬೀಗ ಹಾಕಿದವರು ಗೂಗಲಿನವರಲ್ಲ

ಜಯನಗರದಲ್ಲಿ ನಡೆದ ಬಸವ ಜಯಂತಿಯ ಸಭೆಯೊಂದರಲ್ಲಿ ಉಪನ್ಯಾಸ ಮಾಡಿದ ಹಿರಿಯರು, ಅನುಭವ ಮಂಟಪವೇ ಜಗತ್ತಿನ ಮೊದಲ ಓಪನ್ ಸೋರ್ಸ್ ಎಂದರು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಪ್ರಸಾದಕ್ಕೆ ಕುಳಿತಾಗ ಅವರ ಪಕ್ಕದಲ್ಲೇ ಜಾಗ ಸಿಕ್ಕಿತು. ನಮ್ಮ ಬನಶಂಕರಿಯ ಬಳಗದಲ್ಲಿ ಕಣ್ಣು ಕಾಣದ ಶರಣೆಯೊಬ್ಬರಿದ್ದಾರೆ, ಫೋನು ಓದಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ. ನೀವು ಭಾವಾರ್ಥ ಬರೆದ ಸಂಕಲನದ ಯೂನಿಕೋಡ್ ಪಠ್ಯ ಸಿಗಬಹುದೇ ಎಂದು ಕೇಳಿದೆ. "ಹಾಗೆಲ್ಲ ಕೊಡೋಕಾಗಲ್ಲ, ಹಕ್ಕು ಕಾದಿರಿಸಿದೆ" ಎಂದರು. ಅಷ್ಟರಲ್ಲಿ ಹೋಳಿಗೆಯ ಮೇಲೆ ತುಪ್ಪ ಬಿತ್ತು, ಮಾತು ಅಲ್ಲಿಗೇ ನಿಂತಿತು.

ಶರಣ ಬಂಧುಗಳೇ, ದೊಡ್ಡ ಕಂಪನಿಗಳನ್ನು ಬೈಯುವುದು ನಮಗೆ ಸುಲಭ. 2021ರ ಜೂನ್‌ನಲ್ಲಿ, ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಗೂಗಲಿನಲ್ಲಿ ಹುಡುಕಿದರೆ ಕನ್ನಡ ಎಂಬ ಉತ್ತರ ಬಂತು. ನಾಡು ಕೆರಳಿತು, ಕಂಪನಿ ಕ್ಷಮೆ ಕೇಳಿತು. ಕೆರಳಬೇಕಾದದ್ದೇ. ಆದರೆ ಅದೇ ಗೂಗಲಿನಲ್ಲಿ ನಮ್ಮ ಮಠಗಳು ಅಚ್ಚು ಹಾಕಿಸಿದ ಪುಸ್ತಕಗಳ ಒಂದು ಸಾಲನ್ನು ಹುಡುಕಿ ನೋಡಿ. ಬಹುಪಾಲು ಸಿಗುವುದಿಲ್ಲ. ಅದಕ್ಕೆ ಹೊಣೆ ಯಾರು?

ಕಾರಣ ಸರಳವಾಗಿದೆ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ತನ್ನದೇ ಜಾಗವಿಲ್ಲದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದರು. ಹಳೆಯ ನುಡಿ ಫಾಂಟಿನಲ್ಲಿ ನಮಗೆ ಕಾಣುವುದು 'ಕ'. ಯಂತ್ರಕ್ಕೆ ತಿಳಿಯುವುದು ಒಂದು ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಗೀಟಿರುವ ಒಂದು ಎ. ಕೆ.ಪಿ. ರಾವ್, ಬರಹದ ಶೇಷಾದ್ರಿವಾಸು, ಕನ್ನಡ ಗಣಕ ಪರಿಷತ್ತು, ಇವರೆಲ್ಲ ಅಂದು ಮಾಡಿದ ಕೆಲಸಕ್ಕೆ ಕೈಮುಗಿಯಬೇಕು. ಆದರೆ ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಮನೆಯಾಯಿತು. 2001ರ ವಿಂಡೋಸ್ ಎಕ್ಸ್‌ಪಿಯ ಹೊತ್ತಿಗೆ ಸಾಮಾನ್ಯರ ಕಂಪ್ಯೂಟರಿಗೂ ಅದು ಬಂತು. ನಮ್ಮ ಸ್ಮರಣ ಸಂಚಿಕೆಗಳು ಮಾತ್ರ ಇಂದಿಗೂ ಪೇಜ್‌ಮೇಕರಿನಲ್ಲಿ, ಹಳೆಯ ಫಾಂಟಿನಲ್ಲಿ ತಯಾರಾಗುತ್ತವೆ. 2001ರ ಏಳನೆಯ ಆವೃತ್ತಿಯೇ ಆ ಪೇಜ್‌ಮೇಕರಿನ ಕೊನೆಯ ಆವೃತ್ತಿ! "ಡಿಟಿಪಿಯವರು ಒಪ್ಪಲ್ಲ" ಎನ್ನುತ್ತೇವೆ. ಹಣ ಕೊಡುವವರು ನಾವು, ಒಪ್ಪದಿರಲು ಅವರಾರು? ಆ ಕಡತವನ್ನು ಕುರುಡರ ಫೋನಿಗೆ ಹಾಕಿದರೆ ಅದು ವಚನ ಓದುವುದಿಲ್ಲ, ಪಿ ಎ ಎಂದು ಒದರುತ್ತದೆ.

ಬೇರೆ ದಾರಿ ಇದೆ ಎಂದು ತೋರಿಸಿದವರೂ ಇದ್ದಾರೆ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ತಂದ ಸಮಗ್ರ ವಚನ ಸಂಪುಟಗಳು 15. ಅವುಗಳಲ್ಲಿನ ವಚನಗಳು ಯೂನಿಕೋಡಿನಲ್ಲಿ 'ವಚನ ಸಂಚಯ' ಎಂಬ ಜಾಲತಾಣದಲ್ಲಿವೆ. ಮಾಡಿದವರು 'ಸಂಚಯ' ತಂಡದ ಕೆಲವು ತರುಣರು, ಜೊತೆಗೆ ನಿಂತವರು ಓ.ಎಲ್. ನಾಗಭೂಷಣ ಸ್ವಾಮಿಯವರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬರುತ್ತದೆಂದು ಕ್ಷಣದಲ್ಲಿ ನೋಡಬಹುದು. 'ಕಾಯಕ' ಎಂಬ ಪದವನ್ನು ಹಾಕಿ ನೋಡಿ, ಯಾವ ಶರಣರು ಎಷ್ಟು ಸಲ ಹೇಳಿದ್ದಾರೆಂಬುದು ಗೊತ್ತಾಗುತ್ತದೆ. ನಮ್ಮ ಎಷ್ಟೋ ಭಾಷಣಗಳ ಗಾಳಿ ಇಳಿಯುತ್ತದೆ. ಕೋಟಿಗಟ್ಟಲೆ ವಹಿವಾಟಿನ ನಮ್ಮ ಸಂಸ್ಥೆಗಳು ಮಾಡಬಹುದಾಗಿದ್ದ ಕೆಲಸವಿದು.

ಮೂಲ ಹೀಗೆ ಸಿಗುತ್ತದೆ. ಭಾವಾರ್ಥ, ಟೀಕೆ, ಶರಣರ ಚರಿತ್ರೆ ಸಿಗುವುದಿಲ್ಲ. ಮುಕ್ತವಾಗಿ ಬಿಟ್ಟರೆ ಯಾರಾದರೂ ತಿದ್ದಿ ಕೆಡಿಸುತ್ತಾರೆ ಎಂಬುದು ಪೂಜ್ಯರೊಬ್ಬರ ಆತಂಕ. ಬುದ್ಧಿ, ಅಂಕಿತನಾಮ ಬದಲಿಸಿದ ಪ್ರಕರಣ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತಲ್ಲ, ಅದು ಅಚ್ಚಾದ ಪುಸ್ತಕದ್ದು. ಬೀಗ ಹಾಕಿದ್ದರಿಂದ ತಿದ್ದುವುದು ನಿಲ್ಲಲಿಲ್ಲ. ಮೂಲ ಎಲ್ಲರ ಕೈಯಲ್ಲಿದ್ದರೆ, ತಿದ್ದಿದ ಮರುದಿನವೇ ಹಳ್ಳಿಯ ಹುಡುಗಿಯೂ ಹೋಲಿಸಿ ಹಿಡಿಯಬಲ್ಲಳು.

ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು, ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ತಾಡವೋಲೆಗಳನ್ನು ಬೇಡಿ ತಂದು 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ತಾಡವೋಲೆಯನ್ನು ಬಟ್ಟೆಯಲ್ಲಿ ಕಟ್ಟಿಟ್ಟವರಿಗೂ ಅದನ್ನು ಕಾಪಾಡುತ್ತಿದ್ದೇವೆಂಬ ನಂಬಿಕೆಯೇ ಇತ್ತು. ಇಂದು ಬಟ್ಟೆಯ ಬದಲು ಪೆನ್‌ಡ್ರೈವು. ಹಳಕಟ್ಟಿಯವರು ಲಿಂಗೈಕ್ಯರಾದದ್ದು 1964ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರ ನಂತರ 60 ವರ್ಷ ಹಕ್ಕುಸ್ವಾಮ್ಯವಿರುತ್ತದೆ, ಅಂದರೆ 2025ರ ಜನವರಿ 1ರಿಂದ ಅವರ ಬರಹವೆಲ್ಲ ಎಲ್ಲರ ಸ್ವತ್ತು. ನಮ್ಮ ಎಷ್ಟು ಮಠಗಳು ಆ ದಿನವನ್ನು ಗಮನಿಸಿದವು?

ಯಂತ್ರಗಳ ವಿಷಯದಲ್ಲೂ ಇದೇ ಮರೆವು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ನಮ್ಮ ವಿದ್ಯಾರ್ಥಿನಿಲಯದ 14 ಕಂಪ್ಯೂಟರುಗಳಿಗೆ ಹೊಸ ವಿಂಡೋಸ್ ಹಿಡಿಸಲಿಲ್ಲ. ಮಾರಾಟಗಾರನೊಬ್ಬ ಬಂದು ಇವೆಲ್ಲ ಗುಜರಿ, ಹೊಸದು ತೊಗೊಳ್ಳಿ ಎಂದ. ಸಮಿತಿ ದಾನಿಗಳ ಪಟ್ಟಿ ತೆಗೆಯಿತು. ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ಇಂಜಿನಿಯರ್ ಹುಡುಗನೊಬ್ಬ ಎರಡು ಭಾನುವಾರ ಬಂದು ಎಲ್ಲಕ್ಕೂ ಲಿನಕ್ಸ್ ಹಾಕಿಕೊಟ್ಟ. ಖರ್ಚಾದದ್ದು ಎಸ್.ಪಿ. ರಸ್ತೆಯಿಂದ ತಂದ ಮೂರು ಕೀಬೋರ್ಡಿನದು. (ಯಾವ ಕುಲದ ಹುಡುಗನೋ, ನಾವೂ ಕೇಳಲಿಲ್ಲ, ಅವನೂ ಹೇಳಲಿಲ್ಲ.) ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. ನಾಡಿನ ತುಂಬ ಶಾಲೆ ಕಾಲೇಜು ನಡೆಸುವ ನಮ್ಮ ಮಠಗಳಿಗೆ ಏನು ಅಡ್ಡಿ?

ಮುಕ್ತ ಎಂದರೆ ಬಿಟ್ಟಿ ಎಂದು ತಿಳಿಯುವವರೂ ಇದ್ದಾರೆ. ಆ ಹುಡುಗನ ದುಡಿಮೆಗೆ ಬೆಲೆ ಕೊಡಬೇಕಿತ್ತು, ಊಟ ಹಾಕಿ ಕಳಿಸಿದೆವು. ಅದು ನಮ್ಮ ತಪ್ಪು. ಇಲ್ಲಿ ಮುಖ್ಯವಾದದ್ದು ದುಡ್ಡಲ್ಲ, ಒಳಗೇನಿದೆ ಎಂದು ನೋಡುವ, ತಿದ್ದುವ, ಹಂಚುವ ಅಧಿಕಾರ.

ಪುಸ್ತಕಗಳನ್ನು ಅಚ್ಚು ಹಾಕಿಸುವ ಪ್ರತಿಯೊಂದು ಮಠಕ್ಕೂ ನನ್ನ ಬೇಡಿಕೆ ಇಷ್ಟು: ಭಕ್ತರ ಕಾಣಿಕೆಯಿಂದ ಅಚ್ಚಾದ ಪುಸ್ತಕದ ಯೂನಿಕೋಡ್ ಪಠ್ಯವನ್ನು ಬಿಡುಗಡೆಯ ದಿನವೇ ಯಾರು ಬೇಕಾದರೂ ಬಳಸುವಂತೆ ಹೊರಗಿಡಿ. ಒಪ್ಪದ ಲೇಖಕರು ಸ್ವಂತ ಹಣದಲ್ಲಿ ಅಚ್ಚು ಹಾಕಿಸಿಕೊಳ್ಳಲಿ.

ಆ ಶರಣೆಗಾಗಿ ನಾನೇ ಭಾವಾರ್ಥವನ್ನು ದಿನಕ್ಕೆ ಎರಡರಂತೆ ಟೈಪ್ ಮಾಡಿ ಕಳಿಸುತ್ತಿದ್ದೇನೆ. ಅಂಗವಿಕಲರಿಗಾಗಿ ಹೀಗೆ ಪ್ರತಿ ಮಾಡಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅನುಮತಿ ಕೊಟ್ಟಿದೆ, ಆ ಹಿರಿಯರು ಗಮನಿಸಬೇಕು. ಇದುವರೆಗೆ 86 ಆಗಿವೆ, ಇನ್ನೂ 400ಕ್ಕೂ ಹೆಚ್ಚು ಉಳಿದಿವೆ. ಆಕೆಗೆ ಈಗ 79 ವರ್ಷ.