ಬಿಸಿಲೂ ಮುಖವೂ



ನಮ್ಮ ಮನೆಯ ಚಾವಡಿಯಲ್ಲಿ ನಮ್ಮ ಅಕ್ಕನವರ ಭಾವಚಿತ್ರವೊಂದು ತೂಗುತ್ತಿದೆ. ಕೆಮ್ಮಣ್ಣಿನ ತೂಗುಸೇತುವೆಯ ಮೇಲೆ, ಸ್ವರ್ಣಾ ನದಿಯು ಹಿಂದೆ ಕಾಣುವಂತೆ, ಏಪ್ರಿಲ್ ಕೊನೆಯ ಒಂದು ನಡುಹಗಲಿನಲ್ಲಿ ನಾವೇ ತೆಗೆದುದು. ಆಚೆ ದಡದ ತೆಂಗಿನ ಗರಿಗಳನ್ನು ಎಣಿಸಬಹುದು. ಅಕ್ಕನವರ ಮುಖ ಮಾತ್ರ ಮಸುಕು, ಕಣ್ಣುಗಳಿರಬೇಕಾದ ಎಡೆಯಲ್ಲಿ ಎರಡು ಕಪ್ಪು ಗುಳಿಗಳು. ಇನ್ನೊಮ್ಮೆ ತೆಗೆದರಾಯಿತೆಂದು ಸುಮ್ಮನಾದೆವು. ಆ ವರ್ಷದ ಆಷಾಢದಲ್ಲಿ ಅವರು ತೀರಿಕೊಂಡರು. ಬೇರೆ ಚಿತ್ರವಿಲ್ಲ. ಆದುದರಿಂದ ಈ ತಿಂಗಳು ನಾವು ಬರೆಯುವುದು ನಮ್ಮ ತಪ್ಪುಗಳ ವಿಚಾರವನ್ನೇ.

ಮೊದಲನೆಯದು ಕಾಲದ ತಪ್ಪು. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರದ ನಡುಹಗಲಲ್ಲಿ ಸೂರ್ಯನು ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಹುಬ್ಬಿನ ನೆರಳು ಕಣ್ಣಿಗೂ, ಮೂಗಿನ ನೆರಳು ತುಟಿಗೂ ಬೀಳುವುದು. ಮದುವೆ, ಗೃಹಪ್ರವೇಶಗಳ ಕಾಲವೂ ಅದೇ ಆಗಿರುವುದು ನಮ್ಮ ದುರದೃಷ್ಟ. ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ಚಿತ್ರ ತೆಗೆಯುವುದು ಲೇಸು. ಅನಿವಾರ್ಯವಾದರೆ ಮಾಡಿನ ಅಂಚಿನಲ್ಲೋ ದೊಡ್ಡ ಮರದ ಅಡಿಯಲ್ಲೋ, ಮುಖವು ಬಯಲಿನ ಬೆಳಕಿಗೆ ತಿರುಗಿರುವಂತೆ ನಿಲ್ಲಿಸತಕ್ಕದ್ದು. ಎಲೆಗಳ ನಡುವಿನಿಂದ ಸೋರುವ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳಬಾರದು. ಕೆಂಪು ಮಣ್ಣಿನ ಅಂಗಳದಲ್ಲಿ ನೆಲದಿಂದ ಚಿಮ್ಮುವ ಬೆಳಕು ಗದ್ದಕ್ಕೆ ಕೆಂಪು ಬಳಿಯುವುದು. ಕಾಲ ಮುಂದೆ ಒಂದು ಬಿಳಿಯ ಪಂಚೆಯನ್ನು ಹಾಸಿದರೆ ಆ ದೋಷವೂ ಕಳೆದು, ಕಣ್ಣಿನ ಗುಳಿಗೆ ಬೆಳಕೂ ಸೇರುವುದು.

ಎರಡನೆಯದು ಅಳತೆಯ ತಪ್ಪು. ಬಿಸಿಲು ಹೆಚ್ಚೆಂದು ನಾವು ಲೆನ್ಸಿನ ರಂಧ್ರವನ್ನು ಎಫ್ 22ರ ತನಕ ಕಿರಿದುಗೊಳಿಸಿದ್ದೆವು. ಅಷ್ಟು ಸಣ್ಣ ರಂಧ್ರದಲ್ಲಿ ಬೆಳಕು ಅಂಚಿಗೆ ತಾಗಿ ಹರಡುವುದರಿಂದ ಚಿತ್ರದ ಹರಿತವು ಕುಂದುವುದು. ಸಾಲದೆಂಬಂತೆ ಶಟರೂ ನಿಧಾನವಾಯಿತು. ಹಳಬರ ಸೂತ್ರವೊಂದಿದೆ: ಚೊಕ್ಕ ಬಿಸಿಲಿನಲ್ಲಿ ಎಫ್ 16 ಇಟ್ಟರೆ, ಐಎಸ್‌ಒ ಎಷ್ಟೋ ಸೆಕೆಂಡಿನ ಅಷ್ಟನೆಯ ಒಂದು ಪಾಲು ಶಟರು ತೆರೆದಿರಬೇಕು. ಐಎಸ್‌ಒ 100 ಆದರೆ ನೂರರಲ್ಲೊಂದು ಪಾಲು. ಇದನ್ನೇ ತಿರುಗಿಸಿ ಎಫ್ 5.6ಕ್ಕೆ ತಂದರೆ ಬೆಳಕು ಎಂಟುಪಟ್ಟು ಹೆಚ್ಚುವುದರಿಂದ ಶಟರನ್ನು ಎಂಟುನೂರರಲ್ಲೊಂದು ಪಾಲಿಗೆ ಇಳಿಸಬೇಕು. ಹಿನ್ನೆಲೆಯು ಮೃದುವಾಗಿ, ಕೈಯ ನಡುಕವೂ ಅಡಗುವುದು. ನೆರಳಿನಲ್ಲಿ ಅದೇ ಎಫ್ 5.6ಕ್ಕೆ ಐಎಸ್‌ಒ 200, ಇನ್ನೂರರಲ್ಲೊಂದು ಪಾಲಿನಿಂದ ತೊಡಗಿ, ಫಲವನ್ನು ನೋಡಿ ತಿದ್ದಿಕೊಳ್ಳಬಹುದು. ತೂಗುಸೇತುವೆಯ ಮೇಲಾದರೋ ಯಾರು ನಡೆದರೂ ಹಲಗೆಯು ಅಲುಗುವುದು. ಐನೂರರಲ್ಲೊಂದು ಪಾಲಿಗಿಂತ ನಿಧಾನ ಬೇಡ.

ಮೂರನೆಯದು ನೋಟದ ತಪ್ಪು. ಕ್ಯಾಮೆರಾವು ತಾನಾಗಿ ಆರಿಸಿದ ಎಡೆಯನ್ನೇ ನಾವು ನಂಬಿದೆವು. ಅದು ತೆಂಗಿನ ಗರಿಗಳನ್ನು ಆರಿಸಿತು. ಫೋಕಸ್ಸಿನ ಚುಕ್ಕೆಯನ್ನು ಸಮೀಪದ ಕಣ್ಣಿನ ಮೇಲೆಯೇ ಇಡತಕ್ಕದ್ದು. ಮೊಬೈಲ್ ಫೋನಿನಲ್ಲಿಯೂ ತೆರೆಯ ಮೇಲೆ ಮುಖವನ್ನು ಒತ್ತಿ, ಹಣೆಯು ಬೆಳ್ಳಗೆ ಸುಟ್ಟಂತೆ ಕಂಡರೆ ಬೆಳಕನ್ನು ತುಸು ಇಳಿಸಬೇಕು. ಕಡಲ ತೀರದವರು ಲೆನ್ಸಿಗೆ ಹತ್ತಿದ ಉಪ್ಪುಗಾಳಿಯ ಮಸುಕನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳುವುದನ್ನು ಮರೆಯಬಾರದು.

ಸೂರ್ಯನ ತೇಜಸ್ಸನ್ನು ತಾಳಲಾರದ ಸಂಜ್ಞಾದೇವಿಯು ತನ್ನ ಬದಲಿಗೆ ಛಾಯೆಯನ್ನು ನಿಲ್ಲಿಸಿ ಹೋದಳೆಂದು ಪುರಾಣಗಳು ಹೇಳುತ್ತವೆ. ಸಂಸ್ಕೃತದಲ್ಲಿ ಛಾಯೆ ಎಂದರೆ ನೆರಳೂ ಹೌದು, ಮುಖದ ಕಾಂತಿಯೂ ಹೌದು. ಈ ಎರಡು ಅರ್ಥಗಳನ್ನು ಮಕ್ಕಳಿಗೆ ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದ ನಮಗೆ, ಅವು ಸೇರುವ ಎಡೆಯು ಸೇತುವೆಯ ಮೇಲೆ ನೆನಪಾಗಲಿಲ್ಲ.

ಅಕ್ಕನವರು ಅಂದು ಹೇಳಿಯೇ ಇದ್ದರು: “ಕಣ್ಣು ಬಿಡಲಿಕ್ಕೆ ಆಗುವುದಿಲ್ಲ ಮಾರಾಯ, ಆಚೆ ನೆರಳಿಗೆ ಹೋಗುವ.” ಇನ್ನೊಂದೇ ನಿಮಿಷವೆಂದು ನಾವು ಅವರನ್ನು ಬಿಸಿಲಿನಲ್ಲಿಯೇ ನಿಲ್ಲಿಸಿದೆವು. ವಾಚಕರೇ, ನಿಮ್ಮ ಮನೆಯ ಹಿರಿಯರು ಹಾಗೆಂದಾಗ ಕ್ಯಾಮೆರಾವನ್ನು ಕೆಳಗಿಳಿಸಿ, ಅವರ ಕೈ ಹಿಡಿದು ನೆರಳಿಗೆ ಕರೆದೊಯ್ಯಿರಿ.