ಗೃಹಾರೋಗ್ಯ: ಹಸುಗೂಸಿನ ವಾಂತಿಭೇದಿಗೆ ಮನೆಯ ಕಾವಲು

ಸೋಮಂದೇಪಲ್ಲಿ, ಪೆನುಕೊಂಡೆ, ಹಿಂದೂಪುರಗಳ ಸುತ್ತಿನಲ್ಲಿ ರೇಷ್ಮೆಹುಳು ಸಾಕುವ ಮನೆಗಳು ನಮ್ಮ ಓದುಗರಿಗೆ ಅಪರಿಚಿತವಲ್ಲ. ಅಂತಹ ಮನೆಯ ಹೆಣ್ಣುಮಕ್ಕಳನ್ನು ಹಾಲುತೊಂಡೆ ರೋಗದ ವಿಷಯವಾಗಿ ಕೇಳಿದರೆ ಒಂದೇ ಉತ್ತರ ದೊರೆಯುತ್ತದೆ: ಹುಳುವಿಗೆ ಅದು ತಗುಲಿದ ಮೇಲೆ ಮದ್ದಿಲ್ಲ, ತಟ್ಟೆಯ ಶುಚಿ, ಮನೆಯೊಳಗಿನ ಹದವಾದ ಕಾವು, ವೇಳೆಗೆ ಸರಿಯಾಗಿ ಸೊಪ್ಪು, ಇವೇ ಕಾಪು. ಹಾಲುತೊಂಡೆ ವೈರಾಣುವಿನಿಂದ ಬರುವ ರೋಗವೆಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ, ಅನುಭವದಿಂದ ಅರಿತವರು. ಆದರೆ ಅದೇ ಮನೆಯ ಎಳೆಗೂಸಿಗೆ ವೈರಾಣುವಿನ ಕಾಯಿಲೆ ಬಂದಾಗ ಈ ಅರಿವು ಮಾಯವಾಗುತ್ತದೆ. ಒಂದು ಸೂಜಿ ಹಾಕಿಸಬೇಕು, ಒಂದು ಬಲವಾದ ಔಷಧಿ ಬರೆಯಿಸಬೇಕು ಎಂಬ ತವಕವೇ ಮುಂದಾಗುತ್ತದೆ. ರೋಗ ಬಂದ ಹುಳುವನ್ನು ಆರಿಸಿ ತೆಗೆದುಹಾಕುತ್ತೇವೆ. ಮಗುವಿನ ಬಳಿಯಲ್ಲಾದರೋ ಕುಳಿತು ಕಾಯಬೇಕು. ಆ ಕಾಯುವಿಕೆ ಹೇಗಿರಬೇಕೆಂಬುದೇ ಈ ತಿಂಗಳಿನ ನಮ್ಮ ಮಾತು.

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ರಾತ್ರಿ, ಸೋಮಂದೇಪಲ್ಲಿಯ ನಮ್ಮ ಬಂಧುಗಳ ಮನೆಯಲ್ಲಿ ನಾವು ತಂಗಿದ್ದೆವು. ಮನೆಯಲ್ಲಿ ಎಂಟು ತಿಂಗಳ ಗಂಡುಕೂಸು. ಸೊಸೆ ಪಾವಗಡದ ಕಡೆಯವಳು. ಬಂದು ಎರಡು ವರ್ಷವಾಗಿದ್ದರೂ ತೆಲುಗು ಇನ್ನೂ ನಾಲಗೆಗೆ ಒಗ್ಗಿರಲಿಲ್ಲ. ಸಂಜೆ ಮಗು ಎರಡು ಸಲ ವಾಂತಿ ಮಾಡಿತು. ರಾತ್ರಿಯಾಗುತ್ತಲೇ ಮೈ ಬಿಸಿಯಾಯಿತು. ನಡುರಾತ್ರಿಯ ಹೊತ್ತಿಗೆ ನೀರಿನಂತಹ ಭೇದಿ ಆರಂಭವಾಯಿತು. ಅತ್ತೆಯವರು ಪ್ರೀತಿಯಿಂದಲೇ, "ಹಾಲು ಕೊಡಬೇಡವಮ್ಮಾ, ಕುಡಿಸಿದ್ದೆಲ್ಲ ಹೊರಗೆ ಹೋಗುತ್ತಿದೆ, ಹೊಟ್ಟೆಗೆ ಸ್ವಲ್ಪ ವಿಶ್ರಾಂತಿ ಸಿಗಲಿ" ಎಂದರು. ಬೆಳಿಗ್ಗೆ ಮಗುವಿನ ತಂದೆ ಅಂಗಡಿಯಿಂದ ಹಣ್ಣಿನ ಚಿತ್ರವುಳ್ಳ ಒಂದು ಪೊಟ್ಟಣದ ಪಾನೀಯವನ್ನು ತಂದರು. ಅದರ ಮೇಲೆ 'ಓ.ಆರ್.ಎಸ್.' ಎಂಬ ಅಕ್ಷರಗಳು ಎದ್ದು ಕಾಣುತ್ತಿದ್ದವು. ಸಿಹಿಯಾಗಿದ್ದುದರಿಂದ ಮಗು ಆಸೆಯಿಂದ ಕುಡಿಯಿತು. ಭೇದಿ ಇನ್ನಷ್ಟು ಹೆಚ್ಚಿತು. ಹಾಲು ಬೇಡವೆಂದ ಅಜ್ಜಿಗೂ, ಸಿಹಿನೀರು ತಂದ ತಂದೆಗೂ, ಎದುರು ಮಾತಾಡದೆ ಸುಮ್ಮನೆ ಕುಳಿತ ನಮಗೂ, ನಾವು ಮಾಡುತ್ತಿದ್ದುದು ತಪ್ಪೆಂಬ ಅರಿವು ಆಗ ಇರಲಿಲ್ಲ.

ಈ ಕಾಯಿಲೆಗೆ ಮುಖ್ಯ ಕಾರಣಗಳಲ್ಲಿ ಒಂದು ರೋಟಾ ಎಂಬ ವೈರಾಣು. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು, ಭೇದಿಯಿಂದ ಬಳಲುತ್ತಿದ್ದ ಮಕ್ಕಳ ಕರುಳಿನಲ್ಲಿ ಇದನ್ನು ಕಂಡುಹಿಡಿದರು. ಸೂಕ್ಷ್ಮದರ್ಶಕದಲ್ಲಿ ಬಂಡಿಯ ಗಾಲಿಯಂತೆ ಕಾಣುವುದರಿಂದ ಲ್ಯಾಟಿನ್ ಭಾಷೆಯಲ್ಲಿ ಗಾಲಿಗಿರುವ ಹೆಸರೇ ಇದಕ್ಕೂ ಬಂದಿದೆ. ಎರಡು ವರ್ಷದೊಳಗಿನ ಕೂಸುಗಳನ್ನು ಇದು ಹೆಚ್ಚಾಗಿ ಕಾಡುತ್ತದೆ; ನಮ್ಮ ದೇಶದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಇದರ ಹಾವಳಿ ಮಿಗಿಲು. ಮೊದಲು ವಾಂತಿ ಮತ್ತು ಜ್ವರ, ಬಳಿಕ ನೀರುಭೇದಿ, ಮೂರರಿಂದ ಏಳು ದಿನಗಳಲ್ಲಿ ತಾನಾಗಿಯೇ ಶಮನ, ಇದು ಇದರ ನಡೆ. ವೈರಾಣುವನ್ನು ಆ್ಯಂಟಿಬಯಾಟಿಕ್ ಗುಳಿಗೆಗಳು ಕೊಲ್ಲಲಾರವು. ಮಗುವಿನ ಮೈಯೇ ಅದನ್ನು ಗೆಲ್ಲಬೇಕು. ಆ ಗೆಲುವಿನ ತನಕ ಮೈಯ ನೀರು ಮತ್ತು ಉಪ್ಪು ಬರಿದಾಗದಂತೆ ನೋಡಿಕೊಳ್ಳುವುದೇ ಮನೆಯವರ ಕರ್ತವ್ಯ. ಭೇದಿಯಲ್ಲಿ ಮಗುವನ್ನು ಹೆಚ್ಚಾಗಿ ಬಲಿತೆಗೆದುಕೊಳ್ಳುವುದು ಬರಿದಾದ ನೀರೇ.

ಈ ಕರ್ತವ್ಯವನ್ನು ತಾಯಂದಿರ ಕೈಗೆ ಒಪ್ಪಿಸಬಹುದೆಂದು ಜಗತ್ತಿಗೆ ತೋರಿದುದು ನಮ್ಮಂತೆಯೇ ಒಂದು ಗಡಿಯೂರು. 1971ರಲ್ಲಿ ಬಾಂಗ್ಲಾ ವಿಮೋಚನೆಯ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಗಡಿಯಲ್ಲಿರುವ ಬನಗಾಂವ್ ಪಟ್ಟಣಕ್ಕೆ ನಿರಾಶ್ರಿತರು ಪ್ರವಾಹದಂತೆ ಬಂದರು, ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹರಿಸುವ ಸಲೈನ್ ಮುಗಿಯುತ್ತ ಬಂತು. ಆಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾಗಳನ್ನು ಅಳೆದು ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕಲಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತಲೂ ಕೆಳಗಿಳಿಯಿತು. ಕಾಲರಾಕ್ಕೆ ಕಾರಣ ಬೇರೆ, ರೋಟಾ ಬೇರೆ; ಆದರೆ ಹೊರಹೋಗುವ ನೀರು ಎರಡರಲ್ಲಿಯೂ ಒಂದೇ. ಕರುಳಿನಲ್ಲಿ ಉಪ್ಪೂ ಸಕ್ಕರೆಯೂ ಕೈಹಿಡಿದುಕೊಂಡು ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಅಳತೆ ಸರಿಯಿದ್ದರೆ ಮಾತ್ರ ಈ ಬಾಗಿಲು ತೆರೆದೀತು. ಸಕ್ಕರೆ ಮಿತಿಮೀರಿದರೆ ಅದು ಮೈಯೊಳಗಿನ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ನಮ್ಮ ಬಂಧುಗಳ ಮನೆಯಲ್ಲಿ ಆ ಬೆಳಿಗ್ಗೆ ನಡೆದುದು ಇದೇ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಇಂತಹ ಸಿಹಿ ಪಾನೀಯಗಳ ಮೇಲಿನ ಹೆಸರಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು, ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದದ ಪಾನೀಯಗಳು ಆ ಹೆಸರನ್ನು ಹೊರಬಾರದೆಂದು ಆದೇಶಿಸಿತು. ಆದರೂ ಕೊಳ್ಳುವವರು ಓದಿಯೇ ಕೊಳ್ಳಬೇಕು. ಒಂದು ಲೀಟರಿಗೆ 20.5 ಗ್ರಾಂ ತೂಗುವ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುವ ಪುಡಿಯ ಪೊಟ್ಟಣವೇ ನಮಗೆ ಬೇಕಾದ ಜೀವಜಲ.

ಆ ದಿನ ಹತ್ತು ಗಂಟೆಗೆ ಊರಿನ ಆಶಾ ಕಾರ್ಯಕರ್ತೆ ಬಂದಳು. ಅವಳದು ತೆಲುಗು, ಸೊಸೆಯದು ಕನ್ನಡ. ಆದರೂ ಕೈಯ ಕೆಲಸಕ್ಕೆ ಭಾಷೆ ಅಡ್ಡಿಯಾಗಲಿಲ್ಲ. ಸಾಬೂನಿನಿಂದ ಕೈ ತೊಳೆದು, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣವನ್ನು ಸುರಿದು ಕಲಸಿದಳು. ಅರ್ಧ ಪೊಟ್ಟಣವನ್ನು ಲೋಟದ ನೀರಿಗೆ ಅಂದಾಜಿನಿಂದ ಹಾಕಕೂಡದು. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಕಲಸಿದ ನೀರನ್ನು ಮುಚ್ಚಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದುದನ್ನು ಚೆಲ್ಲಬೇಕು. ಹಾಲಿನ ಸೀಸೆಯಲ್ಲಿ ಬೇಡ. ಒಂದೆರಡು ನಿಮಿಷಕ್ಕೊಮ್ಮೆ ಒಂದು ಚಮಚ ಸಾಕು. ವಾಂತಿಯಾದರೆ ಹತ್ತು ನಿಮಿಷ ತಾಳಿ, ಮತ್ತೆ ಇನ್ನೂ ನಿಧಾನವಾಗಿ ಕೊಡಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ಬಳಿಕ 50ರಿಂದ 100 ಮಿಲಿಲೀಟರ್ ಹೋಗಬೇಕೆಂಬುದು ಲೆಕ್ಕ.

ಎದೆಹಾಲನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸತಕ್ಕದ್ದಲ್ಲ. ಲಂಘನವೇ ಪರಮೌಷಧವೆಂಬ ಹಿರಿಯರ ನುಡಿ ಉಂಡು ಬಲಿತ ದೇಹಕ್ಕೆ ಹೇಳಿದ್ದು. ಕೂಸಿನ ಕಣಜದಲ್ಲಿ ಕೂಡಿಟ್ಟ ಧಾನ್ಯವಿಲ್ಲ. ಮೊದಲಿಗಿಂತ ಹೆಚ್ಚು ಸಲ, ಸ್ವಲ್ಪ ಸ್ವಲ್ಪವಾಗಿ ಹಾಲೂಡಿಸಬೇಕು. ಆರು ತಿಂಗಳು ದಾಟಿದ ಮಗುವಿಗೆ ರಾಗಿ ಸರಿ, ಮೆತ್ತನೆಯ ಅನ್ನ, ಬಾಳೆಹಣ್ಣು ಮುಂತಾದ ಎಂದಿನ ಆಹಾರ ಸಲ್ಲುತ್ತದೆ. ಇದರ ಜೊತೆಗೆ ಜಿಂಕ್ ಗುಳಿಗೆ: ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳ ಬಳಿಕ 20 ಮಿಲಿಗ್ರಾಂ, ಭೇದಿ ನಿಂತರೂ ಬಿಡದೆ ಹದಿನಾಲ್ಕು ದಿನ. ಜ್ವರಕ್ಕೆ ವೈದ್ಯರು ಮಗುವಿನ ತೂಕ ನೋಡಿ ಹೇಳಿದಷ್ಟು ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಬೇಡ. ದೊಡ್ಡವರ ಭೇದಿ ಕಟ್ಟುವ ಗುಳಿಗೆಯನ್ನು ಅರ್ಧ ಮುರಿದು ಕೊಡುವ ಸಾಹಸವಂತೂ ಕೂಡದೇ ಕೂಡದು. ಅದು ಕರುಳಿನ ಚಲನೆಯನ್ನೇ ಕಟ್ಟಿ ಪ್ರಾಣಕ್ಕೆ ಮುಳುವಾದೀತು. ವರ್ಷ ತುಂಬದ ಮಗುವಿನ ನಾಲಗೆಗೆ ಜೇನು ಸವರುವುದೂ ಅಪಾಯ. ಹೊಟ್ಟೆಯ ಮೇಲೆ ಬರೆ ಹಾಕಿಸುವ ಕ್ರೂರ ಪದ್ಧತಿ ಎಲ್ಲಾದರೂ ಉಳಿದಿದ್ದರೆ ಅದನ್ನು ತಡೆಯುವುದು ಓದು ಬಲ್ಲ ಪ್ರತಿಯೊಬ್ಬರ ಹೊಣೆ. ದೃಷ್ಟಿ ನಿವಾಳಿಸಿದರೆ ಅಜ್ಜಿಯ ಮನಸ್ಸಿಗೆ ಸಮಾಧಾನವೆಂದಾದರೆ ನಿವಾಳಿಸಲಿ; ಆದರೆ ಚಮಚ ನಿಲ್ಲದಿರಲಿ.

ಆಶಾ ಕಾರ್ಯಕರ್ತೆ ಹೊರಡುವಾಗ ಒಂದು ಕೆಲಸ ಮಾಡಿದಳು. ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆಯನ್ನು ಹರಿದು, ಹಿಂಬದಿಯಲ್ಲಿ ಮೂರು ಸಾಲು ಎಳೆದು, ಒಂದರ ಮುಂದೆ ಚಮಚದ ಚಿತ್ರ, ಒಂದರ ಮುಂದೆ ಲಂಗೋಟಿಯ ಚಿತ್ರ, ಮತ್ತೊಂದರ ಮುಂದೆ ಒಂದು ಹನಿಯ ಚಿತ್ರ ಬರೆದಳು. ಕುಡಿಸಿದ್ದು, ಭೇದಿಯಾದದ್ದು, ಮೂತ್ರವಾದದ್ದು, ಪ್ರತಿಯೊಂದಕ್ಕೂ ಗಂಟೆಯೊಡನೆ ಒಂದು ಗೀಟು. ಸೊಸೆ ಅದನ್ನು ದೇವರ ಪೂಜೆಯಷ್ಟು ನಿಷ್ಠೆಯಿಂದ ಮಾಡಿದಳು. ಸಂಜೆ ನಾಲ್ಕರ ಹೊತ್ತಿಗೆ ಅವಳೇ ಗಾಬರಿಯಿಂದ, "ಬೆಳಿಗ್ಗೆ ಒಂಬತ್ತೂವರೆಯಿಂದ ಉಚ್ಚೆ ಹೊಯ್ದಿಲ್ಲ, ನೋಡಿ" ಎಂದು ಹಾಳೆ ಮುಂದಿಟ್ಟಳು. ಅತ್ತೆಯವರಿಗೆ ಮಗು ಶಾಂತವಾಗಿ ಮಲಗಿದಂತೆ ಕಂಡಿತ್ತು. ನಾವು ಹತ್ತಿರ ಹೋಗಿ ನೋಡಿದಾಗ ಕಣ್ಣು ಗುಳಿಬಿದ್ದಿತ್ತು, ಅತ್ತರೆ ಕಣ್ಣೀರಿರಲಿಲ್ಲ, ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟರೆ ಅದು ನಿಧಾನವಾಗಿ ಇಳಿಯುತ್ತಿತ್ತು. ಅದು ನಿದ್ರೆಯಾಗಿರಲಿಲ್ಲ, ಸೋತು ಬಿದ್ದ ಮಂಪರಾಗಿತ್ತು.

ಒಡನೆಯೇ ಹಿಂದೂಪುರದ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಚಮಚ ನಿಲ್ಲಿಸಲಿಲ್ಲ. ವೈದ್ಯರು ತೆಲುಗಿನಲ್ಲಿ, "ವಿರೇಚನಾಲು ಎನ್ನಿ ಸಾರ್ಲು?" ಎಂದು ಕೇಳಿದರು. ಸೊಸೆಗೆ ಬಾಯಿ ಬರಲಿಲ್ಲ. ಸೆರಗಿನಿಂದ ಹಾಳೆಯನ್ನು ತೆಗೆದು ನೀಡಿದಳು. ಗೀಟುಗಳಿಗೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ. ಅರೆನಿಮಿಷ ಅದನ್ನು ನೋಡಿದ ವೈದ್ಯರು ಮತ್ತೇನನ್ನೂ ಕೇಳದೆ ಮಗುವನ್ನು ಒಳಗೆ ಕರೆದೊಯ್ದು ಸಲೈನ್ ಏರಿಸಿದರು. ಮೂರನೆಯ ದಿನ ಕೂಸು ನಗುತ್ತ ಮನೆಗೆ ಬಂದಿತು.

ಮನೆಯ ಆರೈಕೆಯ ಸೀಮೆ ಎಲ್ಲಿಗೆ ಮುಗಿಯುತ್ತದೆಂಬುದನ್ನು ಪ್ರತಿ ತಾಯಿಯೂ ಬಾಯಿಪಾಠ ಮಾಡಿರಬೇಕು. ಆರು ಗಂಟೆ ಮೂತ್ರವಿಲ್ಲದಿರುವುದು, ಗುಳಿಬಿದ್ದ ಕಣ್ಣು, ಎಬ್ಬಿಸಿದರೂ ಏಳದ ಮಂಪರು, ಹಾಲು ಹೀರಲಾರದ ಸ್ಥಿತಿ, ಕೊಟ್ಟದ್ದೆಲ್ಲ ವಾಂತಿಯಾಗುವುದು, ಮಲದಲ್ಲಿ ರಕ್ತ, ಫಿಟ್ಸ್, ಏದುಸಿರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಕೂಡದು. 108ಕ್ಕೆ ಕರೆ ಮಾಡಬೇಕು. ಎರಡು ತಿಂಗಳೊಳಗಿನ ಕೂಸಿಗೆ ನೀರುಭೇದಿ ಆರಂಭವಾದರೆ, ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ, ಬೇರಾವ ಚಿಹ್ನೆಗೂ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು.

ಇನ್ನೊಂದು ಮಾತು ನಮ್ಮ ಗಡಿನಾಡಿಗೇ ವಿಶೇಷವಾದುದು. ರೋಟಾ ವೈರಾಣುವಿಗೆ ಇಂದು ಬಾಯಿಗೆ ಹಾಕುವ ಲಸಿಕೆಯಿದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಎಂ. ಕೆ. ಭಾನ್ ಅವರ ತಂಡ ನವಜಾತ ಶಿಶುಗಳಲ್ಲಿ ಕಂಡ ಸೌಮ್ಯವಾದ ಒಂದು ತಳಿಯಿಂದ, ಹೈದರಾಬಾದಿನಲ್ಲಿ ನಮ್ಮ ದೇಶದ್ದೇ ಲಸಿಕೆ ಸಿದ್ಧವಾಯಿತು. 2016ರಲ್ಲಿ ಸರಕಾರದ ಉಚಿತ ಲಸಿಕೆಯ ಪಟ್ಟಿಗೆ ರೋಟಾ ಲಸಿಕೆ ಸೇರಿದಾಗ ಮೊದಲು ಪಡೆದ ನಾಲ್ಕು ರಾಜ್ಯಗಳಲ್ಲಿ ಆಂಧ್ರಪ್ರದೇಶವೂ ಒಂದು. 2019ರಲ್ಲಿ ಅದು ಕರ್ನಾಟಕಕ್ಕೂ ಬಂದಿತು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಮೂರು ಸಲ ಇದನ್ನು ಕೊಡುತ್ತಾರೆ. ನಮ್ಮಲ್ಲಿ ಬಾಣಂತನ ಗಡಿಯಾಚೆಯ ತವರಿನಲ್ಲಿ, ಪಾವಗಡದಲ್ಲೋ ಮಧುಗಿರಿಯಲ್ಲೋ ಗೌರಿಬಿದನೂರಿನಲ್ಲೋ ಆಗುತ್ತದೆ. ಈ ವಾರಗಳ ನಡುವೆಯೇ ತಾಯಿಮಗು ಗಂಡನ ಮನೆಗೆ ಮರಳುತ್ತಾರೆ. ಆಚೆಯ ಕಾರ್ಯಕರ್ತೆ 'ಹೊರಟುಹೋದರು' ಎಂದುಕೊಳ್ಳುತ್ತಾಳೆ, ಈಚೆಯವಳಿಗೆ 'ಬಂದರು' ಎಂಬುದೇ ತಿಳಿದಿರುವುದಿಲ್ಲ. ನಾವು ಹೇಳಿದ ಕೂಸಿಗೂ ತವರಿನಲ್ಲಿ ಮೊದಲ ಸಲದ್ದು ಮಾತ್ರ ಆಗಿತ್ತು. ಲಸಿಕೆಯ ಕಾರ್ಡು ಅಲ್ಲಿಯೇ ಪೆಟ್ಟಿಗೆಯಲ್ಲಿ ಉಳಿದಿತ್ತು. ಲಸಿಕೆ ಕಾಯಿಲೆಯನ್ನು ಪೂರ್ತಿಯಾಗಿ ತಡೆಯದಿದ್ದರೂ ಅದರ ಉಗ್ರತೆಯನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಆದುದರಿಂದ ತವರಿನಿಂದ ಮಡಿಲು ತುಂಬಿಸಿ ಕಳುಹಿಸುವಾಗ ಅರಿಸಿನ, ಕುಂಕುಮ, ತೆಂಗಿನಕಾಯಿಗಳ ಜೊತೆಗೆ ಆ ಕಾರ್ಡನ್ನೂ ಇರಿಸಿರೆಂದು ಗಡಿಯ ಎರಡೂ ಕಡೆಯ ಹಿರಿಯ ಹೆಣ್ಣುಮಕ್ಕಳಲ್ಲಿ ನಮ್ಮ ಬಿನ್ನಹ. ವರ್ಷ ತುಂಬುವ ಮುನ್ನ ಮೊದಲ ಸಲದ್ದು ಆಗಿದ್ದರೆ ಉಳಿದವನ್ನು ಪೂರೈಸಿಕೊಳ್ಳಲು ಅವಕಾಶವಿದೆ.

ಆ ಗೀಟಿನ ಹಾಳೆ ಇಂದಿಗೂ ಆ ಮನೆಯಲ್ಲಿದೆ. ಹಾಲು ಬೇಡವೆಂದಿದ್ದ ಅತ್ತೆಯವರೇ ಅದನ್ನು ಮಡಿಸಿ ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ನೆರೆಮನೆಯ ಕೂಸಿಗೆ ಭೇದಿಯೆಂದು ತಿಳಿದರೆ ಮೊದಲು ಹೋಗುವವರು ಅವರೇ. ಕೈಯಲ್ಲಿ ಒಂದು ಪುಡಿಯ ಪೊಟ್ಟಣ, ಒಂದು ಚಮಚ, ಒಂದು ಪೆನ್ಸಿಲು.